ಹಾಜರಿ ಮೂವತ್ತೊಂದು

ಎಂಟನೆಯ ತರಗತಿಯ ಇತಿಹಾಸ ಶುರುವಾಗುವುದೇ ಆಧಾರಗಳಿಂದ. ನಾಣ್ಯ, ಶಾಸನ, ತಾಳೆಗರಿ, ಮಡಕೆಯ ಚೂರು. ಆ ಪಾಠವನ್ನು ಪ್ರತಿ ವರ್ಷ ಒಂದೇ ರೀತಿ ಮುಗಿಸುತ್ತಿದ್ದೆ. ಕಪ್ಪುಹಲಗೆಯ ನಡುವೆ ಗೆರೆ ಎಳೆದು ಎಡಕ್ಕೆ ಸಾಹಿತ್ಯದ ಆಧಾರಗಳು, ಬಲಕ್ಕೆ ಪುರಾತತ್ವದ ಆಧಾರಗಳು ಎಂದು ಬರೆದರೆ ಮಕ್ಕಳು ನಕಲು ಮಾಡಿಕೊಂಡು ಪರೀಕ್ಷೆಯಲ್ಲಿ ಅಂಕ ತೆಗೆಯುತ್ತಿದ್ದರು. ಅವರಲ್ಲಿ ಒಬ್ಬರೂ ಒಂದು ಆಧಾರವನ್ನಾದರೂ ಕೈಯಲ್ಲಿ ಹಿಡಿದು ನೋಡಿರಲಿಲ್ಲ. ನಾನೂ ಹಿಡಿಸಿರಲಿಲ್ಲ.

ಆ ವರ್ಷ ನಮ್ಮ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂತು. ರೋಣ ತಾಲೂಕಿನ ಒಂದು ಊರು. ಹೆಸರು ಹೇಳುವುದಿಲ್ಲ, ನನ್ನ ವಿದ್ಯಾರ್ಥಿಗಳ ಮನೆಗಳು ಅಲ್ಲೇ ಇವೆ. ಬೋರ್ಡು ಕೊಟ್ಟವರು ಊರಿನ ಹಳೆಯ ಮನೆತನದವರು. ಎರೆಹೊಲವೂ ಅವರದೇ, ಪೇಟೆಯಲ್ಲಿ ಅಡತಿ ಅಂಗಡಿಯೂ ಅವರದೇ. ಆ ಮನೆಯ ಯಜಮಾನರು ನಮ್ಮ ಶಾಲಾ ಸಮಿತಿಯ ಅಧ್ಯಕ್ಷರು. ಅವರ ತಂದೆ ಮುಂದೆ ನಿಂತು ಕಟ್ಟಿಸಿದ ಶಾಲೆಗೆ ಎಪ್ಪತ್ತೈದು ತುಂಬುತ್ತಿತ್ತು. ಅಮೃತ ಮಹೋತ್ಸವದ ದಿನ ಶಾಲೆಗೆ ಆ ತಂದೆಯ ಹೆಸರನ್ನೇ ಇಡುವುದೆಂದು ಆಗಲೇ ಗೊತ್ತಾಗಿತ್ತು.

ಬೋರ್ಡನ್ನು ಹೇಗೆ ಬಳಸಬೇಕೆಂದು ನನಗೆ ಕಲಿಸಿದವಳು ಗಣಿತದ ಟೀಚರ್. ನಾವಿಬ್ಬರೂ ರೋಣದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆವು. ಮೊದಲು ಹತ್ತಿದವಳು ಇನ್ನೊಬ್ಬಳಿಗೆ ಸೀಟು ಹಿಡಿಯಬೇಕು, ಇದು ಐದು ವರ್ಷದ ಕರಾರು. ಗಜೇಂದ್ರಗಡದಲ್ಲಿ ನನ್ನ ತಾಯಿ ಹಾಸಿಗೆ ಹಿಡಿದಾಗ ಒಂದು ತಿಂಗಳು ನನ್ನ ತರಗತಿಗಳನ್ನೂ ತಾನೇ ತೆಗೆದುಕೊಂಡಿದ್ದಳು, ಒಂದು ಮಾತೂ ಆಡಿ ತೋರಿಸದೆ.

ಶಾಲೆಯ ಉಗ್ರಾಣದಲ್ಲಿ ಒಂದು ಕಬ್ಬಿಣದ ಟ್ರಂಕು ಇತ್ತು. ಮುಖ್ಯಗುರುಗಳು ಬೀಗದ ಕೈ ಕೊಟ್ಟು, ಇಲಿ ಹೇತದ್ದು ಬಿಟ್ಟರೆ ಒಳಗೆ ಏನೂ ಇರಲಿಕ್ಕಿಲ್ಲ ಎಂದರು. ತೆಗೆದು ನೋಡಿದರೆ ಶಾಲೆ ಹುಟ್ಟಿದ ಕಾಲದಿಂದ ಬಂದ ದಾಖಲಾತಿ ವಹಿಗಳು, ಹಾಜರಿ ಪುಸ್ತಕಗಳು, ಬಂದುಹೋದ ದೊಡ್ಡವರು ಷರಾ ಬರೆದ ಭೇಟಿ ಪುಸ್ತಕ ಎಲ್ಲ ಇದ್ದವು. ಅಂಚು ಗೆದ್ದಲು ತಿಂದಿತ್ತು, ಅಕ್ಷರ ಉಳಿದಿತ್ತು. ಪಠ್ಯದಲ್ಲಿದ್ದ ತಾಳೆಗರಿಯನ್ನು ಅಲ್ಲೇ ಬಿಟ್ಟು, ಇವನ್ನೇ ಆಧಾರ ಮಾಡಿಕೊಂಡು ಪಾಠ ಮಾಡಬೇಕೆಂದು ಅವತ್ತೇ ನಿಶ್ಚಯಿಸಿದೆ.

ಕೆಲಸಕ್ಕೆ ಒಂದು ಕ್ರಮ ಮಾಡಿಕೊಂಡೆವು. ಕೈ ತೊಳೆದು, ಒರೆಸಿ, ಒಣಗಿಸಿಕೊಂಡೇ ಪುಸ್ತಕ ಮುಟ್ಟಬೇಕು. ಎಂಜಲು ಹಚ್ಚಿ ಹಾಳೆ ತಿರುವುವಂತಿಲ್ಲ, ದಪ್ಪ ಕಾರ್ಡನ್ನು ಕೆಳಗೆ ತೂರಿಸಿ ಎತ್ತಬೇಕು. ವಿಜ್ಞಾನದ ಪ್ರಯೋಗಾಲಯದ ಕಬ್ಬಿಣದ ಸ್ಟ್ಯಾಂಡಿಗೆ ಶಾಲೆಯ ಟ್ಯಾಬನ್ನು ಕಟ್ಟಿ, ಉತ್ತರದ ಕಿಟಕಿಯ ಬೆಳಕಿನಲ್ಲಿ ಮೇಲಿನಿಂದ ಫೋಟೋ ತೆಗೆಯಬೇಕು. ಪ್ರತಿ ಫೋಟೋದಲ್ಲೂ ಪುಟದ ಪಕ್ಕ ಒಂದು ಅಳತೆಪಟ್ಟಿ ಇರಬೇಕು. ಕಡತಕ್ಕೆ ಹೆಸರಿಡುವ ರೀತಿಯನ್ನು ಗಣಿತದ ಟೀಚರ್ ಹೇಳಿಕೊಟ್ಟಳು: ಮೊದಲು ಪುಸ್ತಕ, ಆಮೇಲೆ ಪುಟ, ಕೊನೆಗೆ ತೆಗೆದ ದಿನ. ಎಲ್ಲವೂ ನನ್ನ ಹೆಸರಿನ ಆನ್‌ಲೈನ್ ಖಾತೆಗೆ ಹೋಗುತ್ತಿತ್ತು. ಬೋರ್ಡಿನಲ್ಲಿ ತೆರೆಯಲು ದಿನಾ ನನ್ನನ್ನು ಹುಡುಕಿಕೊಂಡು ಬರುವುದು ಬೇಡವೆಂದು ಅವಳಿಗೆ ಪಾಸ್‌ವರ್ಡ್ ಹೇಳಿದೆ. ಮನೆಯಲ್ಲಿ ಯಾರಿಗೂ ಹೇಳಿರದ ಪಾಸ್‌ವರ್ಡ್ ಅದು.

ಮೊದಲ ವಾರಗಳು ಬರೀ ಪರದಾಟ. ಬೋರ್ಡಿಗೆ ಬೆರಳಿಟ್ಟಲ್ಲಿ ಗುರುತು ಬೀಳದೆ ಒಂದು ಗೇಣು ಆಚೆ ಬೀಳುತ್ತಿತ್ತು. ಕರೆಂಟು ಹೋದರೆ ಮತ್ತೆ ತೆರೆದುಕೊಳ್ಳುವಷ್ಟರಲ್ಲಿ ಪಿರಿಯಡ್ಡೇ ಮುಗಿದಿರುತ್ತಿತ್ತು. ಹಳೆಯ ಮಾಸ್ತರರ ಒಂದಕ್ಕೊಂದು ಕೂಡಿದ ಕೈಬರಹವನ್ನು ಬಿಡಿಸಿ ಓದಲು ನನಗೇ ಆಗುತ್ತಿರಲಿಲ್ಲ. ಆದರೆ ಪುಸ್ತಕ ಕಂಡರೆ ಆಕಳಿಸುತ್ತಿದ್ದ ಮಕ್ಕಳು ಬೋರ್ಡಿಗೆ ಮೂಗು ಹಚ್ಚಿ ನಿಂತು, ಆ ಅಕ್ಷರ ‘ರ’ವೋ ‘ಠ’ವೋ ಎಂದು ಜಗಳಾಡತೊಡಗಿದರು. ಅಜ್ಜಂದಿರ ಹೆಸರು ಸಿಕ್ಕವು. ಒಬ್ಬನ ಅಜ್ಜ ಎರಡನೆಯ ಇಯತ್ತೆಯಲ್ಲಿ ಮೂರು ವರ್ಷ ಕೂತದ್ದು ಸಿಕ್ಕಿ ಇಡೀ ತರಗತಿ ಒಂದು ದಿನ ನಕ್ಕಿತು. ಪ್ರತಿ ಪುಟಕ್ಕೂ ನಾನು ಕೇಳಿಸುತ್ತಿದ್ದ ಪ್ರಶ್ನೆಗಳು ಇಷ್ಟೇ: ಇದನ್ನು ಬರೆದವರು ಯಾರು, ಯಾರಿಗಾಗಿ ಬರೆದರು, ಇದೇ ಸಂಗತಿಯನ್ನು ಬೇರೆ ಯಾವ ವಹಿಯಾದರೂ ಬೇರೆ ರೀತಿ ಹೇಳುತ್ತದೆಯೇ.

ಮೂರನೆಯ ಪ್ರಶ್ನೆ ನಮ್ಮನ್ನು ಒಂದು ಹೆಸರಿನ ಹತ್ತಿರ ತಂದು ನಿಲ್ಲಿಸಿತು.

ಕೆಳಗಿನ ಓಣಿಯಿಂದ ಒಬ್ಬ ಹುಡುಗಿ ಬರುತ್ತಿದ್ದಳು. ತಂದೆ ತಾಯಿ ಗೋವಾದಲ್ಲಿ ಕಟ್ಟಡದ ಕೆಲಸಕ್ಕಿದ್ದರು. ಅವಳು ಅಜ್ಜಿಯ ಹತ್ತಿರ ಉಳಿದಿದ್ದಳು, ಅಜ್ಜಿಯನ್ನು ಆಯಿ ಎನ್ನುತ್ತಿದ್ದಳು. ಮಾತು ಕಡಿಮೆ. ಒಂದು ದಿನ ಎಲ್ಲರೂ ಹೋದ ಮೇಲೆ ಬಂದು, ತನ್ನ ಆಯಿ ಕೂಡ ಇದೇ ಶಾಲೆಗೆ ಬಂದಿದ್ದೆ ಎನ್ನುತ್ತಾಳೆ, ಆದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ, ನೋಡಬಹುದೇ ಎಂದು ಕೇಳಿದಳು. ದಾಖಲಾತಿ ವಹಿಯಲ್ಲಿ ಹೆಸರು ಸಿಕ್ಕಿತು. ಒಂದನೆಯ ಇಯತ್ತೆ. ಹೆಸರಿನ ಮುಂದೆ ಷರಾದ ಅಂಕಣದಲ್ಲಿ ಹೀಗೆ ಬರೆದಿತ್ತು: ಸತತ ಗೈರುಹಾಜರಿಯ ಮೂಲಕ ಹೆಸರು ಕಮ್ಮಿ ಮಾಡಿದೆ.

ಹುಡುಗಿ ಅದನ್ನು ಎರಡು ಸಲ ಓದಿದಳು. ಹಾಗಾದರೆ ಮನೆಯವರು ಹೇಳುವುದೇ ಖರೆ, ಆಯಿ ಶಾಲೆ ತಪ್ಪಿಸಿಯೇ ಇದ್ದಳು ಎಂದು ಸಣ್ಣಗೆ ಅಂದಳು. ನಾನು ಸುಮ್ಮನಿರಬಹುದಿತ್ತು. ಆದರೆ ಬೇರೆ ವಹಿ ಏನು ಹೇಳುತ್ತದೋ ನೋಡೋಣ ಎಂದೆ.

ಅದೇ ತಿಂಗಳ ಹಾಜರಿ ಪುಸ್ತಕ ಸಿಗಲು ಎಂಟು ದಿನ ಹಿಡಿಯಿತು. ಟ್ರಂಕಿನ ತಳದಲ್ಲಿ ಬೇರೊಂದು ರಟ್ಟಿನೊಳಗೆ ಸೇರಿಕೊಂಡಿತ್ತು. ಹಾಜರಿದ್ದರೆ ‘ಹ’, ಇಲ್ಲದಿದ್ದರೆ ‘ಗೈ’. ಪ್ರತಿ ದಿನದ ಕೆಳಗೆ ಅಂದಿನ ಒಟ್ಟು ಹಾಜರಿ. ಬೋರ್ಡಿನ ಮೇಲೆ ದೊಡ್ಡದು ಮಾಡಿ ಒಂಬತ್ತನೆಯ ಸಾಲಿಗೆ ಬಂದೆವು. ಹುಡುಗಿಯ ಬೆರಳು ಒಂದೊಂದೇ ಮನೆ ದಾಟುತ್ತ ಹೋಯಿತು. ಹ, ಹ, ಹ. ಹದಿನೆಂಟು ದಿನ, ಹದಿನೆಂಟು ‘ಹ’. ಹತ್ತೊಂಬತ್ತನೆಯ ದಿನ ಹೆಸರಿನ ಮೇಲೆ ಕೆಂಪು ಗೆರೆ. ಕೆಳಗಿನ ಓಣಿಯ ಇನ್ನು ನಾಲ್ಕು ಮಕ್ಕಳ ಸಾಲು ಮಾತ್ರ ಪೂರ್ತಿ ‘ಗೈ’. ಇನ್ನು ಭೇಟಿ ಪುಸ್ತಕ. ಅದರಲ್ಲಿ ಹದಿನೆಂಟನೆಯ ದಿನದ ಒಂದು ಷರಾ ಇತ್ತು. ಹತ್ತಿಯ ಸುಗ್ಗಿ ಇರುವುದರಿಂದ ಕೆಳಗಿನ ಓಣಿಯವರ ಹೆಸರು ವಹಿಯಲ್ಲಿ ಇಟ್ಟುಕೊಳ್ಳುವ ಕಾರಣವಿಲ್ಲ ಎಂದು. ಕೆಳಗೆ ಸಹಿ, ಈಗಿನ ಅಧ್ಯಕ್ಷರ ತಂದೆಯದು.

ಅಜ್ಜಿಯ ಮಾತನ್ನೂ ದಾಖಲಿಸಬೇಕೆಂದು ಒಂದು ಭಾನುವಾರ ಹುಡುಗಿಯ ಜೊತೆ ಅವರ ಮನೆಗೆ ಹೋದೆ. ಅಜ್ಜಿ ಹೊಸ್ತಿಲ ಮೇಲೆ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಅದೆಲ್ಲ ಈಗೇಕೆ, ಆಗಿಹೋದ ಮಾತು ಎಂದು ಬಹಳ ಹೊತ್ತು ಬೇರೆ ಬೇರೆ ಮಾತು ತೆಗೆದರು. ಆಮೇಲೆ ಕೆಲಸ ನಿಲ್ಲಿಸದೆಯೇ ಹೇಳಿದರು.

“ನಮ್ಮ ಓಣಿ ಹುಡುಗೂರ್ನೆಲ್ಲಾ ಹತ್ತಿ ಬಿಡಸಾಕ ಕರಕೊಂಡ ಹೋದ್ರು. ನಾ ಹೋಗ್ಲಿಲ್ಲ, ಸಾಲಿಗೆ ಹೋದ್ನಿ. ಒಂದಿನ ಮಾಸ್ತರ ಎಲ್ಲಾರ ಹೆಸರ ಕರದ್ರು, ನಂದ ಬಿಟ್ರು. ಮರ್ತಿರಬೇಕು, ನಾಳಿ ಕರೀತಾರಂತ ಮರುದಿನಾನೂ ಹೋಗಿ ಕುಂತ್ನಿ. ಕರೀಲಿಲ್ಲ. ಮೂರ ದಿನ ಹಂಗ ಕುಂತ್ನಿ.”

ಮನೆಗೆ ಬಂದರೆ, ಶಾಲೆ ತಪ್ಪಿಸಿ ಹೆಸರು ಹೊಡೆಸಿಕೊಂಡೆ ಎಂದು ತಾಯಿ ಹೊಡೆದಳಂತೆ. ಮುಂದೆ ಅವರ ಮಕ್ಕಳೂ ಅದನ್ನೇ ಆಡಿಕೊಂಡರು. ನಾನು ಹೇಳಿದೆ, ನೀವು ಹಾಜರಿದ್ದಿರಿ ಎಂದು ಬರೆದಿಟ್ಟಿದ್ದಾರೆ, ಅಮೃತ ಮಹೋತ್ಸವದ ದಿನ ಬನ್ನಿ, ಊರೆಲ್ಲ ನೋಡುವ ಹಾಗೆ ತೋರಿಸುತ್ತೇವೆ. ಅವರು ಒಲ್ಲೆ ಎಂದರು. ನಾನು ಮತ್ತೆ ಮತ್ತೆ ಕರೆದೆ.

ಮುಖ್ಯಗುರುಗಳಿಗೆ ಸುದ್ದಿ ಮುಟ್ಟಿತು. ಅವರು ಕೆಟ್ಟ ಮನುಷ್ಯರಲ್ಲ, ನಿವೃತ್ತಿಗೆ ಎರಡು ವರ್ಷ ಇತ್ತು. ಹೆಸರಿಡುವ ದಿನವೇ ಆ ಹೆಸರಿನವರ ಸಹಿಯನ್ನು ತೋರಿಸಬೇಕೇ ಎಂದು ಕೇಳಿದರು. ನಾನು ಹಟ ಹಿಡಿದೆ. ದಾರಿ ತೋರಿಸಿದವಳು ಗಣಿತದ ಟೀಚರ್. ಬಸ್ಸಿನಲ್ಲಿ ನನ್ನ ಕೈ ಹಿಡಿದು ಅಂದಳು: “ಭೇಟಿ ಪುಸ್ತಕ ಬ್ಯಾಡ, ಷರಾನೂ ಬ್ಯಾಡ. ಬರೇ ಹಾಜರಿ ಪಾನ ತೋರಸೋಣ. ಅಕಿ ಸಾಲಿಗೆ ಬಂದಿದ್ಲು ಅನ್ನೂದ ಕಂಡ್ರ ಸಾಕಲ್ಲ?” ಹಾಜರಿಯ ಪುಟವಷ್ಟೇ ಆದರೆ ಯಾರ ಮೇಲೂ ಆರೋಪವಿಲ್ಲ, ಅಜ್ಜಿಯ ಮಾತೂ ಉಳಿಯುತ್ತದೆ. ನನಗೆ ಸರಿಯೆನಿಸಿತು. ಮುಖ್ಯಗುರುಗಳೂ ತಲೆಯಾಡಿಸಿದರು. ಅವತ್ತು ಅವಳಂಥ ಗೆಳತಿ ಇರುವುದು ನನ್ನ ಪುಣ್ಯ ಎಂದುಕೊಂಡಿದ್ದೆ.

ಕಾರ್ಯಕ್ರಮದ ವಾರ ನಾನು ನಾಟಕ, ರಂಗೋಲಿ, ಊಟದ ಪಂಕ್ತಿ ಎಂದು ಓಡಾಡುತ್ತಿದ್ದೆ. ಪರದೆಯ ಕೆಲಸ ಅವಳಿಗೆ ಬಿಟ್ಟಿದ್ದೆ. ಹುಡುಗಿಗೆ ಮೂರು ವಾಕ್ಯ ಬಾಯಿಪಾಠ ಮಾಡಿಸಿದ್ದೆ.

ಮಧ್ಯಾಹ್ನ ಶಾಮಿಯಾನ ತುಂಬಿತ್ತು. ವೇದಿಕೆಯ ಮೇಲೆ ಅಧ್ಯಕ್ಷರು, ಅತಿಥಿಗಳು, ಶಾಲು ಹೊದ್ದ ಹಳೆಯ ವಿದ್ಯಾರ್ಥಿಗಳು. ಅಜ್ಜಿ ಹೆಂಗಸರ ಕಡೆ ಎರಡನೆಯ ಸಾಲಿನಲ್ಲಿ ಹಸಿರು ಇಳಕಲ್ ಸೀರೆ ಉಟ್ಟು ಕೂತಿದ್ದರು. ಪರದೆಯ ಮೇಲೆ ಹಾಜರಿಯ ಪುಟ ಮೂಡಿತು. ಹುಡುಗಿ ಕೋಲು ಹಿಡಿದು ಒಂಬತ್ತನೆಯ ಸಾಲಿಗೆ ಇಟ್ಟು, ಇದು ನಮ್ಮ ಆಯಿಯ ಹೆಸರು, ಅವಳು ಪ್ರತಿ ದಿನ ಶಾಲೆಗೆ ಬಂದದ್ದು ಇಲ್ಲಿ ಕಾಣುತ್ತದೆ ಎಂದು ಹೇಳುತ್ತಾ ಕೋಲನ್ನು ಮುಂದಕ್ಕೆ ಸರಿಸಿದಳು. ಕೋಲು ಎರಡನೆಯ ಮನೆಯಲ್ಲಿ ನಿಂತಿತು.

ಗೈ. ಗೈ. ಗೈ. ಸಾಲಿನ ಕೊನೆಯವರೆಗೂ.

ನಾನು ವೇದಿಕೆಯ ಪಕ್ಕದಲ್ಲಿದ್ದೆ. ನನ್ನ ಕಣ್ಣೇ ಸಾಲು ತಪ್ಪಿತು ಎಂದುಕೊಂಡೆ. ಹೆಸರು ಅದೇ. ಅಳತೆಪಟ್ಟಿ ನಮ್ಮದೇ. ಗೆದ್ದಲು ತಿಂದ ಅಂಚೂ ಅದೇ. ಹುಡುಗಿ ತಿರುಗಿ ನನ್ನನ್ನು ನೋಡಿದಳು. ಬೈಯುವ ನೋಟವಾಗಿರಲಿಲ್ಲ ಅದು. ಉತ್ತರ ಕೇಳುವ ಮಕ್ಕಳು ನೋಡುವ ಹಾಗೆ ನೋಡಿದಳು. ನಿರೂಪಣೆ ಮಾಡುತ್ತಿದ್ದ ಮಾಸ್ತರರು ಮೈಕ್ ತೆಗೆದುಕೊಂಡು, ಮಗು ಹೆದರಿದೆ, ಜೋರಾಗಿ ಚಪ್ಪಾಳೆ ತಟ್ಟಿ ಎಂದರು. ಅಜ್ಜಿ ಶಾಲೆ ತಪ್ಪಿಸುತ್ತಿದ್ದದ್ದು ಕೊನೆಗೂ ಬಯಲಾಯಿತು ಎಂದು ಹಿಂದಿನಿಂದ ಯಾರೋ ಅಂದರು, ಜನ ನಕ್ಕರು. ಓದಲು ಬಾರದ ಅಜ್ಜಿ, ಎಲ್ಲರೂ ನಗುವುದನ್ನು ಕಂಡು ತಾವೂ ನಕ್ಕರು. ವೇದಿಕೆಗೆ ಕೈಮುಗಿದರು.

ಗಣಿತದ ಟೀಚರ್ ಕಡೆ ನೋಡಿದೆ. ಅವಳು ಲ್ಯಾಪ್‌ಟಾಪಿನ ಮೇಲೆ ಬಾಗಿ ಮುಂದಿನ ಚಿತ್ರ ಹಾಕುತ್ತಿದ್ದಳು. ಅಧ್ಯಕ್ಷರ ತಂದೆಯ ಭಾವಚಿತ್ರ, ಹೂವಿನ ಹಾರದೊಂದಿಗೆ.

ಮರುದಿನ ಎಲ್ಲರಿಗಿಂತ ಮೊದಲು ಶಾಲೆಗೆ ಹೋದೆ. ಟ್ರಂಕು ಖಾಲಿ. ಪುಸ್ತಕಗಳನ್ನು ಬೈಂಡಿಂಗಿಗೆ ಕೊಟ್ಟಿದ್ದೇವೆ, ಸಮಿತಿಯವರು ತಂದುಕೊಡುತ್ತಾರೆ ಎಂದರು ಮುಖ್ಯಗುರುಗಳು. ಇವತ್ತಿನವರೆಗೂ ತಂದುಕೊಟ್ಟಿಲ್ಲ. ಟ್ಯಾಬಿನಲ್ಲಿದ್ದ ಫೋಟೋಗಳನ್ನೆಲ್ಲ ಜಾಗ ಸಾಲದೆಂದು ಅಳಿಸಲಾಗಿತ್ತು. ಖಾತೆಯಲ್ಲಿ ಕಡತ ಇತ್ತು, ಅದೇ ಹೆಸರು, ಅದೇ ಪುಟ. ಮೂಲ ಚಿತ್ರವನ್ನು ತೆಗೆದು ಅದರ ಜಾಗದಲ್ಲಿ ಇದನ್ನು ಇಟ್ಟದ್ದು ಕಾರ್ಯಕ್ರಮಕ್ಕೆ ಮೂರು ದಿನ ಮೊದಲು. ಯಾರು ಬದಲಿಸಿದರು ಎಂಬಲ್ಲಿ ನನ್ನ ಹೆಸರಿತ್ತು.

ಅದನ್ನು ಮುಖ್ಯಗುರುಗಳಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ, “ನಿಮ್ಮ ಹೆಸರ ತೋರಸ್ತೈತಲ್ರಿ ಟೀಚರ್” ಅಂದರು. ಅಷ್ಟು ಹೇಳಿ ಫೈಲು ಎಳೆದುಕೊಂಡರು.

ಅವತ್ತು ಸಂಜೆ ಬಸ್ ನಿಲ್ದಾಣದಲ್ಲಿ ಅವಳನ್ನು ನಿಲ್ಲಿಸಿ ಕೇಳಿದೆ. ಅಲ್ಲಗಳೆಯುತ್ತಾಳೆ ಎಂದುಕೊಂಡಿದ್ದೆ. ಅಲ್ಲಗಳೆಯಲಿಲ್ಲ.

“ನಾನ ಮಾಡೀನಿ. ಎರಡೂ ವಹಿ ಒಂದ ಮಾತ ಹೇಳಿದ್ರ ಮುಂದ ತಂಟೆ ಇರಂಗಿಲ್ಲ ಅಂದ್ರು ಹೆಡ್‌ಮಾಸ್ತರು. ಪಾನ ತೆಗದ ಹಾಕಿದ್ರ ನೀ ಗದ್ದಲ ಮಾಡ್ತಿದ್ದಿ. ನಿನ್ನ ಎತ್ತಂಗಡಿ ಮಾತ ನಡದಿತ್ತು. ನಿನ್ನ ಉಳಸಾಕನ ಮಾಡೀನಿ ಅಂತ ತಿಳಕೊ.”

ಹೇಗೆ ಮಾಡಿದೆ ಎಂದು ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ. ಹತ್ತನೆಯ ಸಾಲಿನ ಒಂದು ‘ಗೈ’ಯನ್ನು ಕತ್ತರಿಸಿ, ಹಾಳೆಯ ಬಣ್ಣ ಕೂಡಿಸಿ, ಹದಿನೆಂಟು ಮನೆಗೂ ಅಂಟಿಸಿದೆ ಎಂದಳು, ಲೆಕ್ಕ ಬಿಡಿಸಿ ತೋರಿಸುವವಳ ಹಾಗೆ. ಎಷ್ಟು ಹೊತ್ತು ಹಿಡಿಯಿತು ಎಂದೆ. ಅರ್ಧ ಗಂಟೆ ಎಂದಳು. ಬಸ್ಸು ಬಂತು. ಅವಳು ಮುಂದಿನ ಬಾಗಿಲಿನಿಂದ ಹತ್ತಿದಳು, ನಾನು ಹತ್ತಲಿಲ್ಲ. ಮುಂದಿನ ಬಸ್ಸಿಗೆ ಒಂದು ತಾಸು ಕಾದೆ. ಆ ಒಂದು ತಾಸು ನನಗೆ ಸಿಟ್ಟೇ ಬರಲಿಲ್ಲ. ನನ್ನ ತಾಯಿಯ ಔಷಧಿಯ ಚೀಟಿ ಹಿಡಿದು ದವಾಖಾನೆಯಲ್ಲಿ ಅವಳು ನಿಂತಿದ್ದೇ ಕಣ್ಣಮುಂದೆ ಬರುತ್ತಿತ್ತು. ಅದೂ ಇವಳೇ, ಇದೂ ಇವಳೇ. ಯಾವುದನ್ನು ಅಳಿಸಲಿ ಎಂದು ತಿಳಿಯಲಿಲ್ಲ.

ಎಂಟನೆಯ ತರಗತಿಯಲ್ಲಿ ಇತಿಹಾಸ ತೆಗೆಯಲು ನಾಲ್ಕು ದಿನ ಧೈರ್ಯ ಬರಲಿಲ್ಲ. ಭೂಗೋಳ ಮಾಡಿದೆ, ನಕ್ಷೆ ತುಂಬಿಸಿದೆ. ಹುಡುಗಿ ಕೊನೆಯ ಬೆಂಚಿಗೆ ಹೋಗಿದ್ದಳು. ನನ್ನ ಕಡೆ ನೋಡುತ್ತಿರಲಿಲ್ಲ. ಅವಳ ಕಣ್ಣಿನಲ್ಲಿ ಅದನ್ನು ಮಾಡಿದವಳು ನಾನೇ. ಐದನೆಯ ದಿನ ಬೋರ್ಡ್ ಹಚ್ಚಿ, ತಿದ್ದಿದ ಪುಟವನ್ನೇ ತೆರೆದಿಟ್ಟೆ. ಇದೂ ಒಂದು ಆಧಾರ, ಬೇರೆ ಪುಟಗಳಿಗೆ ಕೇಳಿದ್ದನ್ನೇ ಇದಕ್ಕೂ ಕೇಳಿ ಎಂದು ಹೇಳಿ ಹಿಂದೆ ಹೋಗಿ ನಿಂತೆ.

ಪಕ್ಕದ ಊರು ಮುಶಿಗೇರಿಯಿಂದ ಬರುವ ಒಬ್ಬಳು ಎದ್ದು, ಒಂಬತ್ತನೆಯ ಸಾಲಿನ ಎಲ್ಲ ‘ಗೈ’ಗಳಿಗೂ ಒಂದೇ ಜಾಗದಲ್ಲಿ ಮಸಿಯ ಚುಕ್ಕೆ ಇದೆ, ಕೈಯಲ್ಲಿ ಬರೆದರೆ ಹಾಗೆ ಬರುವುದಿಲ್ಲ ಎಂದಳು. ಇನ್ನೊಬ್ಬ ಬಂದು ದೊಡ್ಡದು ಮಾಡಿ ನೋಡಿದ. ಹೌದು, ಚುಕ್ಕೆ ಹದಿನೆಂಟು ಸಲ ಇತ್ತು. ಆಗ ಹಿಂದಿನ ಬೆಂಚಿನಿಂದ ಆ ಹುಡುಗಿ ಎದ್ದು ಬಂದಳು. ಯಾರ ಜೊತೆಯೂ ಮಾತಾಡದೆ ಹದಿನೆಂಟನೆಯ ದಿನದ ಅಂಕಣದ ‘ಹ’ಗಳನ್ನು ಮೇಲಿನಿಂದ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

“ಕೆಳಗ ಒಟ್ಟ ಮೂವತ್ತೊಂದ ಅಂತ ಬರದೈತ್ರಿ. ಎಣಿಸಿದ್ರ ಮೂವತ್ತ ಅದಾವ.”

ತರಗತಿ ಎದ್ದು ಬೋರ್ಡಿಗೆ ಮುಗಿಬಿತ್ತು. ಹದಿನೆಂಟು ದಿನವನ್ನೂ ಹಂಚಿಕೊಂಡು ಎಣಿಸಿದರು. ಒಟ್ಟು ಹಾಜರಿ ದಿನದಿಂದ ದಿನಕ್ಕೆ ಬೇರೆಯಾಗಿತ್ತು, ಆದರೆ ಎಲ್ಲ ದಿನವೂ ಕಡಿಮೆ ಬಿದ್ದದ್ದು ಒಂದೇ ಒಂದು. ಹಳೆಯ ಮಾಸ್ತರರು ಕೂಡಿಟ್ಟ ಮೊತ್ತವನ್ನು ಯಾರೂ ಮುಟ್ಟಿರಲಿಲ್ಲ.

ಯಾರು ಮಾಡಿದ್ದು ಎಂದು ಅವರು ಕೇಳಿಯೇ ಕೇಳಿದರು. ಪಕ್ಕದ ಕೋಣೆಯಲ್ಲಿ ಅವಳು ಬೀಜಗಣಿತ ಹೇಳಿಕೊಡುತ್ತಿದ್ದದ್ದು ಕೇಳಿಸುತ್ತಿತ್ತು. ನನ್ನ ಖಾತೆಯಿಂದ ಆಗಿದೆ, ನಾನು ಮಾಡಿದ್ದಲ್ಲ, ಪಾಸ್‌ವರ್ಡ್ ಕೊಟ್ಟವಳು ನಾನು, ನೋಡದೆ ವೇದಿಕೆಗೆ ಕಳಿಸಿದವಳೂ ನಾನೇ ಎಂದು ಹೇಳಿದೆ. ಹೆಸರು ಹೇಳಲಿಲ್ಲ. ಹುಡುಗಿ, “ಹಂಗಾರ ಆಯಿಗೆ ನೀವ ಬಂದ ಹೇಳ್ರಿ” ಅಂದಳು.

ಹೋಗಿ ಹೇಳಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡರು. ಮಂದಿ ನಕ್ಕದ್ದು ಯಾಕೆಂದು ಅವರಿಗೆ ಆಗಲೇ ಗೊತ್ತಾಗಿತ್ತು. ನಾನು ಎಣಿಕೆಯ ಮಾತು, ಮೊತ್ತದ ಮಾತು ಎಲ್ಲ ಹೇಳಿ ಮುಗಿಸಿದ ಮೇಲೆ, “ನಾ ಬರಾಕ ಒಲ್ಲೆ ಅಂದಿದ್ನಿ. ನೀವ ಕರದ್ರಿ” ಎಂದಷ್ಟೇ ಅಂದರು. ಚಹಾ ಕೊಟ್ಟರು. ಆ ಚಹಾ ಕುಡಿಯುವುದು ಬಲು ಕಷ್ಟವಾಯಿತು.

ಅದೇ ವಾರ ಎರಡು ಪುಟದ ವರದಿ ಬರೆದೆ. ದಿನವಾರು ಮೊತ್ತ ಒಂದು ಕಡೆ, ಎಣಿಕೆ ಇನ್ನೊಂದು ಕಡೆ, ಚುಕ್ಕೆಯ ಚಿತ್ರ, ಮೂಲ ಪುಸ್ತಕಗಳನ್ನು ಶಾಲೆಗೆ ಮರಳಿ ತರಿಸಬೇಕೆಂಬ ಕೋರಿಕೆ. ಒಂದು ಪ್ರತಿ ಮುಖ್ಯಗುರುಗಳಿಗೆ, ಒಂದು ಮೇಲಿನ ಕಚೇರಿಗೆ. ತಿದ್ದಿದವರು ಯಾರೆಂದು ಈ ಸಲ ಬರೆದೆ. ಅವಳ ಹೆಸರು ಬರೆಯುವಾಗ ಪೆನ್ನು ನಿಂತಿತು, ಆದರೂ ಬರೆದೆ. ಉತ್ತರ ಬರಲಿಲ್ಲ. ದಸರೆಯ ರಜೆ ಮುಗಿಯುವುದರೊಳಗೆ ಗಜೇಂದ್ರಗಡದ ಆಚೆಯ ಒಂದು ಶಾಲೆಗೆ ನನ್ನನ್ನು ನಿಯೋಜಿಸಿದ ಆದೇಶ ಬಂತು. ತಾಯಿಗೆ ಹತ್ತಿರವಾಯಿತಲ್ಲ ಎಂದರು ಎಲ್ಲರೂ. ಬೀಳ್ಕೊಡುಗೆಯ ದಿನ ಗಣಿತದ ಟೀಚರ್ ರಜೆ ಹಾಕಿದ್ದಳು.

ಹೊಸ ಶಾಲೆಯಲ್ಲಿ ಬೋರ್ಡು ಇರಲಿಲ್ಲ, ಹಳೆಯ ಟ್ರಂಕೂ ಇರಲಿಲ್ಲ. ಮಕ್ಕಳಿಂದ ಮನೆಯ ಹಳೆಯ ರೇಷನ್ ಕಾರ್ಡು, ಲಗ್ನಪತ್ರಿಕೆ ತರಿಸಿ ಪಾಠ ಮಾಡಿದೆ. ಆದರೆ ಒಂದು ಯೋಚನೆ ಬಿಡಲಿಲ್ಲ. ಅವಳು ಗಣಿತದವಳು. ಒಂದು ಸಾಲು ಬದಲಿಸಿದರೆ ಮೊತ್ತ ತಪ್ಪುತ್ತದೆ ಎಂದು ಅವಳಿಗೆ ಗೊತ್ತಿಲ್ಲದೆ ಇದ್ದೀತೇ? ಬೇಕೆಂದೇ ಬಿಟ್ಟಿರಬೇಕು, ಮಕ್ಕಳು ಹಿಡಿಯಲಿ ಎಂದು ನಮಗೊಂದು ಬಾಗಿಲು ತೆರೆದಿಟ್ಟಿರಬೇಕು. ಹೀಗೆ ಅಂದುಕೊಂಡೇ ಒಂದು ವರ್ಷ ಕಳೆದೆ.

ಮರುವರ್ಷ ನರಗುಂದದಲ್ಲಿ ಸಮಾಜ ವಿಜ್ಞಾನದ ಶಿಕ್ಷಕರಿಗೆ ಎರಡು ದಿನದ ತರಬೇತಿ. ವಿಷಯ, ತರಗತಿಯಲ್ಲಿ ಡಿಜಿಟಲ್ ಆಧಾರಗಳು. ಒಂದನೆಯ ದಿನ ಮಧ್ಯಾಹ್ನದ ಅವಧಿಗೆ ತಂತ್ರಜ್ಞಾನದ ಸಂಪನ್ಮೂಲ ವ್ಯಕ್ತಿಯಾಗಿ ವೇದಿಕೆ ಹತ್ತಿದವಳು ಗಣಿತದ ಟೀಚರ್. ಕೈ ತೊಳೆಯುವುದರಿಂದ ಹಿಡಿದು ಕಡತದ ಹೆಸರಿನವರೆಗೆ ನಮ್ಮ ಕ್ರಮವನ್ನೇ ಹೇಳಿದಳು. ಎರಡು ಆಧಾರಗಳು ಬೇರೆ ಬೇರೆ ಮಾತಾಡಿದಾಗ ಏನು ಮಾಡಬೇಕು ಎಂದು ಕೇಳಿ ಒಂದು ಹಾಜರಿ ಪುಟ ಹಾಕಿದಳು. ಊರಿನ ಹೆಸರು, ಮಕ್ಕಳ ಹೆಸರು ಕಪ್ಪು ಪಟ್ಟಿಯಿಂದ ಮುಚ್ಚಿದ್ದವು. ಒಂಬತ್ತನೆಯ ಸಾಲು ನೋಡಿದೆ. ಹ, ಹ, ಹ. ಹದಿನೆಂಟನೆಯ ದಿನದ ಅಂಕಣವನ್ನು ಕೂತಲ್ಲೇ ಎಣಿಸಿದೆ. ಮೂವತ್ತೊಂದು. ಶಿಕ್ಷಕರು ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದವರು ನನ್ನ ಮೊಣಕೈ ತಿವಿದು, ಎಷ್ಟು ಚಲೋ ಪಾಠ ನೋಡಿ ಎಂದರು.

ಚಹಾದ ಬಿಡುವಿನಲ್ಲಿ ಅವಳ ಹತ್ತಿರ ಹೋದೆ. ಅವಳು ಸರಿದು ಹೋಗಲಿಲ್ಲ. ಮೂಲ ಚಿತ್ರ ಅವತ್ತೂ ನಿನ್ನ ಹತ್ತಿರ ಇತ್ತೇ ಎಂದು ಕೇಳಿದೆ. ಇತ್ತು ಎಂದಳು. ನಾನು ವರದಿ ಬರೆದಾಗಲೂ? ಆಗಲೂ ಇತ್ತು. ಇನ್ನೊಂದೇ ಕೇಳುವುದಿತ್ತು.

“ಕೆಳಗಿನ ಮೊತ್ತ ಯಾಕ ಬಿಟ್ಟಿದ್ದಿ?”

ಅವಳು ಸ್ವಲ್ಪ ಯೋಚಿಸಿದಳು. “ಲಕ್ಷ್ಯಕ್ಕ ಬರಲಿಲ್ಲ” ಅಂದಳು.

ಅದು ಖರೆ ಎಂದು ಅವಳ ಮುಖ ನೋಡಿಯೇ ಗೊತ್ತಾಯಿತು. ವರ್ಷವಿಡೀ ಅವಳ ಪರವಾಗಿ ನಾನೇ ಕಟ್ಟಿಕೊಂಡಿದ್ದ ಮಾತು ಅಲ್ಲಿಗೆ ಮುಗಿಯಿತು. ಕಪ್ಪು ಪಟ್ಟಿಯಿಲ್ಲದ ಮೂಲ ಚಿತ್ರವನ್ನು ನನ್ನ ಮೊಬೈಲಿಗೆ ಕಳಿಸು ಎಂದೆ. ಅಲ್ಲೇ ನಿಂತು ಕಳಿಸಿದಳು. ಇನ್ನೇನೋ ಹೇಳಲು ಬಾಯಿ ತೆರೆದಳು, ನಾನು ಚಹಾದ ಕಪ್ಪು ಕೆಳಗಿಟ್ಟು ಬಂದೆ.

ಎರಡನೆಯ ದಿನದ ತರಬೇತಿಗೆ ಹೋಗಲಿಲ್ಲ. ನರಗುಂದದ ಒಂದು ಅಂಗಡಿಯಲ್ಲಿ ಆ ಪುಟವನ್ನು ದೊಡ್ಡ ಹಾಳೆಗೆ ಮುದ್ರಿಸಿಕೊಂಡು ರೋಣದ ಬಸ್ಸು ಹತ್ತಿದೆ. ಅಲ್ಲಿಂದ ಆ ಊರು. ಸಂಜೆ ಹುಡುಗಿ ಶಾಲೆಯಿಂದ ಬರುವವರೆಗೆ ಅಜ್ಜಿಯ ಹೊಸ್ತಿಲಲ್ಲಿ ಕೂತೆ. ಅವರು ಯಾಕೆ ಬಂದೆ ಎಂದೂ ಕೇಳಲಿಲ್ಲ. ಹುಡುಗಿ ಈಗ ಒಂಬತ್ತನೆಯ ತರಗತಿ, ಎತ್ತರ ಬೆಳೆದಿದ್ದಳು. ಹಾಳೆ ಬಿಚ್ಚಿ ನೆಲದ ಮೇಲೆ ಹಾಸಿದಳು. ಆಯಿಯ ಬೆರಳು ಹಿಡಿದು ಒಂದೊಂದೇ ಮನೆಯ ಮೇಲೆ ಇಟ್ಟು ಹದಿನೆಂಟೂ ಓದಿದಳು. ಅಜ್ಜಿ ಹದಿನೆಂಟನೆಯದರ ಮೇಲಿನ ಬೆರಳು ತೆಗೆಯಲಿಲ್ಲ. ಹಾಗೇ ನನ್ನನ್ನು ಕೇಳಿದರು.

“ಅದನ್ನ ಊರ ಮಂದಿ ಎಲ್ಲಾ ನೋಡೇತಿ. ಇದನ್ನ ಯಾರ ನೋಡ್ತಾರ್ರಿ?”

ಆ ಶಾಲೆ ನನ್ನದಲ್ಲ, ಬೋರ್ಡು ನನ್ನದಲ್ಲ. ನನ್ನ ಮಾತು ನಂಬಿ ಎನ್ನುವ ಮುಖವೂ ನನಗಿರಲಿಲ್ಲ. ಹುಡುಗಿ ಹಾಳೆ ಸುತ್ತಿಕೊಂಡು ಆಯಿಯ ಕೈ ಹಿಡಿದು ಎಬ್ಬಿಸಿದಳು. ಪಕ್ಕದ ಮನೆಗೆ ಹೋದರು. ನಾನು ಹಿಂದೆ ಹೋದೆ. ಹುಡುಗಿ ಹಾಳೆ ಬಿಚ್ಚಿ ಸಾಲು ತೋರಿಸುವಳು, ಮೊತ್ತ ಓದುವಳು, ಮನೆಯವರು ಎಣಿಸುವರು. ಅಜ್ಜಿ ಸೆರಗು ಸರಿಮಾಡಿಕೊಂಡು ನಿಂತಿರುವರು. ಹೀಗೆ ಓಣಿ ಮುಗಿಯಿತು. ಅಲ್ಲಿಗೆ ನಿಲ್ಲುತ್ತಾರೆ ಎಂದುಕೊಂಡೆ. ಅವರು ಮೇಲಿನ ಓಣಿಗೆ ತಿರುಗಿದರು.

ಅಲ್ಲಿ ಮೂರನೆಯ ಮನೆಯ ಕಟ್ಟೆಯ ಮೇಲೆ ಒಬ್ಬ ಮುದುಕರು ಕೂತಿದ್ದರು. ಅಮೃತ ಮಹೋತ್ಸವದಲ್ಲಿ ಹಿರಿಯ ವಿದ್ಯಾರ್ಥಿಯೆಂದು ಶಾಲು ಹೊದಿಸಿಕೊಂಡವರು. ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಕಣ್ಣಿಗೆ ಹತ್ತಿರ ತಂದು, ಅವರೇ ಓದಿದರು. ಅವರ ಹೆಸರು ಹನ್ನೆರಡನೆಯ ಸಾಲಿನಲ್ಲಿತ್ತು. ಅದನ್ನು ಹುಡುಕಿಕೊಂಡು, ಅಜ್ಜಿಯ ಸಾಲನ್ನೂ ನೋಡಿ, ತಲೆಯೆತ್ತದೆ ಹೇಳಿದರು.

“ಖರೇ ಐತಿ. ನನ್ನ ಮುಂದಿನ ಮಣಿ ಮ್ಯಾಲ ಕುಂಡ್ರತಿದ್ಲು. ಹೆಸರ ಕರೀದಿದ್ರೂ ಮೂರ ದಿನ ಬಂದ ಕುಂತಿದ್ಲು. ಅವತ್ತ ಪಡದೇ ಮ್ಯಾಲ ನೋಡಿದಾಗೂ ನನಗ ಗೊತ್ತಿತ್ತು.”

ಅಜ್ಜಿ ಅವರ ಮುಖವನ್ನು ನೋಡಿದರು. ಬಾಗಿ ಮುದುಕರ ಕೈಯಿಂದ ಹಾಳೆ ತೆಗೆದುಕೊಂಡರು. ಮೊಮ್ಮಗಳ ಕೈಗೆ ಕೊಡಲಿಲ್ಲ. ತಾವೇ ಎರಡೂ ಕೈಯಲ್ಲಿ ಬಿಚ್ಚಿ ಹಿಡಿದುಕೊಂಡು ನಾಲ್ಕನೆಯ ಮನೆಯ ಬಾಗಿಲಿಗೆ ನಡೆದರು.